ರಕ್ತದ ಸಾಕ್ಷ್ಯವೂ ಅಸ್ಥಿಯ ಸಾಕ್ಷ್ಯವೂ: ಪ್ರಾಚೀನ ಮಾನವ ಸಂಚಾರದ ಶೋಧನೆ

ಮೊದಲನೆಯ ಮಹಾಯುದ್ಧವು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ಗ್ರೀಸಿನ ಸಲೋನಿಕಾ ಪಟ್ಟಣದ ಸುತ್ತ ಬೀಡುಬಿಟ್ಟಿದ್ದ ಸೇನೆಗಳಲ್ಲಿ ಇಂಗ್ಲಿಷರು, ಫ್ರೆಂಚರು, ಸೆರ್ಬಿಯದವರು, ರಷ್ಯನರು, ಮಡಗಾಸ್ಕರಿನವರು, ಸೆನೆಗಲ್ಲಿನವರು, ನಮ್ಮ ಭಾರತದ ಸಿಪಾಯಿಗಳು, ಹೀಗೆ ಭೂಮಂಡಲದ ನಾನಾ ದಿಕ್ಕುಗಳ ಜನ ಒಂದೆಡೆ ನೆರೆದಿರುವುದನ್ನು ಕಂಡು, ಲುಡ್ವಿಕ್ ಮತ್ತು ಹಾಂಕಾ ಹಿರ್ಷ್‌ಫೆಲ್ಡ್ ಎಂಬ ಪೋಲೆಂಡಿನ ವೈದ್ಯ ದಂಪತಿಗಳು ಅವರಲ್ಲಿ ೮,೦೦೦ಕ್ಕೂ ಮೇಲ್ಪಟ್ಟ ಮಂದಿಯ ರಕ್ತವನ್ನು ಪರೀಕ್ಷಿಸಿ, ೧೯೧೯ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ‘ಎ’ ಗುಂಪಿನ ರಕ್ತ ಐರೋಪ್ಯರಲ್ಲಿ ಹೆಚ್ಚು, ‘ಬಿ’ ಗುಂಪಿನದು ಭಾರತೀಯರಲ್ಲಿ ಹೆಚ್ಚು ಎಂಬುದು ಅವರು ಕಂಡ ಸಂಗತಿ. ಅದು ನಿಜವೇ ಸರಿ. ಆದರೆ ಆ ಸಂಗತಿಯಿಂದ ಅವರು ಮಾಡಿದ ಅನುಮಾನವಾದರೋ ಬಹು ದೂರ ಸಾಗಿತು: ಮಾನವಕುಲಕ್ಕೆ ಎರಡು ಬೇರೆ ಬೇರೆ ಮೂಲಗಳಿದ್ದಿರಬೇಕು, ಒಂದು ಯೂರೋಪಿನಲ್ಲಿ, ಇನ್ನೊಂದು ಭಾರತದಲ್ಲಿ ಹುಟ್ಟಿ, ಅಲ್ಲಿಂದ ಜನ ಹೊರಟು ನಡುವೆ ಎಲ್ಲಿಯೋ ಬೆರೆತಿರಬೇಕು ಎಂದು ಅವರು ಊಹಿಸಿದರು. ರಕ್ತಗುಂಪಿನ ಈ ಭೇದಗಳು ಮಾನವಜಾತಿಗಿಂತಲೂ ಪುರಾತನವಾದುವೆಂದೂ, ಚಿಂಪಾಂಜಿ ಗಿಬ್ಬನ್ ಮೊದಲಾದ ವಾನರಗಳಲ್ಲಿಯೂ ಅವು ಇವೆಯೆಂದೂ, ಆದಕಾರಣ ಅವುಗಳಿಂದ ಯಾವ ಜನದ ಮೂಲಸ್ಥಾನವನ್ನೂ ನಿರ್ಣಯಿಸಲಾಗದೆಂದೂ ತಿಳಿಯುವುದಕ್ಕೆ ಅನೇಕ ದಶಕಗಳು ಬೇಕಾದವು.

ಆ ಪ್ರಬಂಧವನ್ನು ಇಲ್ಲಿ ಸ್ಮರಿಸುವುದು ಅದರ ಲೇಖಕರನ್ನು ಆಕ್ಷೇಪಿಸುವುದಕ್ಕಲ್ಲ. ಮನುಷ್ಯನ ರಕ್ತದಲ್ಲಿಯೇ ಅವನ ಪೂರ್ವಿಕರ ಸಂಚಾರದ ಗುರುತು ಉಳಿದಿರಬಹುದೆಂಬ ದೊಡ್ಡ ಆಲೋಚನೆ ಅವರ ಕೈಯಲ್ಲಿ ಮೊದಲ ಬಾರಿಗೆ ಪ್ರಯೋಗವಾಯಿತು. ಆ ಆಲೋಚನೆಗೆ ಅಂಟಿಕೊಂಡೇ ಬಂದಿರುವ ಅಪಾಯವೂ ಅದೇ ಪ್ರಯೋಗದಲ್ಲಿ ಮೈದೋರಿತು. ಇಂದು ಜೀವಿಸಿರುವವರ ದೇಹದಲ್ಲಿ ಕಾಣುವ ಹಂಚಿಕೆಯನ್ನು ನೋಡಿ, ಸಾವಿರಾರು ವರ್ಷಗಳ ಹಿಂದೆ ಯಾರು ಎಲ್ಲಿದ್ದರು ಎಂದು ಹೇಳಹೊರಟವನು, ನಡುವೆ ನಡೆದ ಎಲ್ಲ ವಲಸೆ, ಸಂಕರ, ಕ್ಷಾಮ, ರೋಗ, ವಿನಾಶಗಳನ್ನು ತನಗರಿವಿಲ್ಲದೆಯೇ ಇಲ್ಲವೆಂದು ಭಾವಿಸಿಬಿಡುತ್ತಾನೆ. ರಕ್ತಗುಂಪಿನಿಂದ ಡಿಎನ್ಎಗೆ ಬಂದು, ಡಿಎನ್ಎಯ ಒಂದು ತುಣುಕಿನಿಂದ ಸಮಗ್ರ ಡಿಎನ್ಎಗೆ ಬಂದು ನಿಂತಿರುವ ಈ ನೂರು ವರ್ಷಗಳ ವಿದ್ಯೆಯನ್ನು ಅವಲೋಕಿಸಿದಾಗ ನನಗೆ ಮುಖ್ಯವಾಗಿ ತೋರುವುದು ಇದು: ಬದುಕಿರುವವರ ರಕ್ತ ನುಡಿದ ಸಾಕ್ಷ್ಯವನ್ನು ಗತಿಸಿದವರ ಅಸ್ಥಿ ಮತ್ತೆ ಮತ್ತೆ ತಿದ್ದಿದೆ; ಅಸ್ಥಿ ದೊರೆಯದ ಪ್ರದೇಶಗಳಲ್ಲಿ ನಮ್ಮ ಜ್ಞಾನ ಈಗಲೂ ತಿದ್ದುಪಡಿಯನ್ನು ಕಾಯುತ್ತಿರುವ ಜ್ಞಾನವೇ ಆಗಿದೆ. ನಮ್ಮ ದಕ್ಷಿಣದೇಶ ಅಂಥ ಪ್ರದೇಶಗಳಲ್ಲಿ ಒಂದು.

ವಿಧಾನದ ತಿರುಳನ್ನು ಮೊದಲು ಹೇಳಬೇಕು. ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಸುಮಾರು ೩೦೦ ಕೋಟಿ ರಾಸಾಯನಿಕ ಅಕ್ಷರಗಳಷ್ಟು ಉದ್ದದ, ಡಿಎನ್ಎ ಎಂಬ ಲಿಪಿಯೊಂದು ಇದೆ. ಅದು ತಂದೆತಾಯಿಗಳಿಂದ ಮಕ್ಕಳಿಗೆ ನಕಲಾಗುತ್ತ ಹೋಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟವಾಗುತ್ತದೆ. ಒಮ್ಮೆ ಪಲ್ಲಟವಾದುದು ಮುಂದಿನ ಸಂತತಿಯಲ್ಲಿ ಹಾಗೆಯೇ ಮುಂದುವರಿಯುತ್ತದೆ. ನಮ್ಮ ಗ್ರಂಥಸಂಪಾದಕರು ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವ ಯಾವ ಪ್ರತಿಗಳಲ್ಲಿ ಒಂದೇ ಲಿಪಿಕಾರದೋಷ ಕಾಣುವುದೋ ಅವೆಲ್ಲ ಒಂದೇ ಮಾತೃಕೆಯಿಂದ ಇಳಿದುಬಂದುವೆಂದು ನಿಶ್ಚಯಿಸಿ, ಕೊನೆಗೆ ಪ್ರತಿಗಳ ವಂಶವೃಕ್ಷವನ್ನೇ ಬರೆಯುವರಷ್ಟೆ. ವಂಶವಾಹಿಶಾಸ್ತ್ರಜ್ಞರು ಮಾಡುವುದೂ ಅದನ್ನೇ. ಆದರೆ ಕೇಂದ್ರದ ಲಿಪಿಯಲ್ಲಿ ಒಂದು ತೊಡಕುಂಟು. ತಲೆಮಾರು ತಲೆಮಾರಿಗೂ ತಂದೆಯ ಭಾಗ ತಾಯಿಯ ಭಾಗಗಳು ತುಂಡಾಗಿ ಕಲೆಯುವುದರಿಂದ ಅಲ್ಲಿ ಒಂದೇ ವೃಕ್ಷವಿಲ್ಲ. ತುಣುಕು ತುಣುಕಿಗೂ ಒಂದೊಂದು ವೃಕ್ಷವಿದೆ. ಈ ಕಲೆಸಾಟಕ್ಕೆ ಒಳಗಾಗದೆ ಉಳಿದಿರುವ ಭಾಗಗಳು ಎರಡೇ: ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್ಎ, ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ವರ್ಣತಂತುವಿನ ಬಹುಭಾಗ. ಮೈಟೊಕಾಂಡ್ರಿಯದ್ದು ೧೬,೫೬೯ ಅಕ್ಷರಗಳ ಕಿರುಲಿಪಿ. ೧೯೮೧ರಲ್ಲಿಯೇ ಕೇಂಬ್ರಿಜ್ಜಿನಲ್ಲಿ ಅದನ್ನು ಆದ್ಯಂತವಾಗಿ ಓದಿದ್ದರು. ಶೋಧನೆ ಅಲ್ಲಿಂದಲೇ ಆರಂಭವಾದದ್ದು ಸಹಜ.

೧೯೮೭ರಲ್ಲಿ ಕ್ಯಾಲಿಫೋರ್ನಿಯದ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಎಂಬ ಮೂವರು, ಐದು ಭೂಭಾಗಗಳ ಮೂಲದವರಾದ ೧೪೭ ಮಂದಿಯ ಮೈಟೊಕಾಂಡ್ರಿಯವನ್ನು ತುಲನೆಮಾಡಿ, ಎಲ್ಲರ ಮಾತೃಪರಂಪರೆಯೂ ಸುಮಾರು ೨,೦೦,೦೦೦ ವರ್ಷಗಳ ಹಿಂದೆ ಪ್ರಾಯಶಃ ಆಫ್ರಿಕದಲ್ಲಿ ಬಾಳಿದ ಒಬ್ಬ ಸ್ತ್ರೀಯಲ್ಲಿ ಸಂಧಿಸುವುದೆಂದು ಸಾರಿದರು. ಆಕೆ ಆ ಕಾಲದ ಏಕೈಕ ಸ್ತ್ರೀಯಲ್ಲ. ಇತರರ ಮಾತೃಪರಂಪರೆ ಹೆಣ್ಣುಮಕ್ಕಳಿಲ್ಲದೆ ಎಲ್ಲಿಯೋ ನಿಂತುಹೋಗಿ ಈಕೆಯದೊಂದೇ ಅವಿಚ್ಛಿನ್ನವಾಗಿ ಉಳಿಯಿತು, ಅಷ್ಟೆ. ಈ ಪ್ರಬಂಧದ ಮೇಲೆ ಆಕ್ಷೇಪಗಳೂ ಬಂದವು. ಆಫ್ರಿಕದವರೆಂದು ಎಣಿಸಿದ್ದ ೨೦ ಮಂದಿಯಲ್ಲಿ ೧೮ ಮಂದಿ ಅಮೆರಿಕದಲ್ಲಿ ನೆಲೆಸಿದ ಕರಿಯರೇ ಆಗಿದ್ದುದು ಅವುಗಳಲ್ಲಿ ಒಂದು. ೨೦೦೦ದಲ್ಲಿ ೫೩ ಮಂದಿಯ ಮೈಟೊಕಾಂಡ್ರಿಯವನ್ನು ಪೂರ್ಣವಾಗಿ ಓದಿದ ಮೇಲೆ ಸಂಶಯ ಬಹುಮಟ್ಟಿಗೆ ನಿವಾರಣೆಯಾಯಿತು. ವೃಕ್ಷದ ಬುಡದ ಕವಲುಗಳೆಲ್ಲ ಆಫ್ರಿಕದಲ್ಲಿವೆ. ಮಿಕ್ಕ ಭೂಖಂಡಗಳ ಸಕಲ ಜನರೂ ಅದರ ಒಂದೇ ಕೊಂಬೆಯಿಂದ ಹೊರಟ ‘ಎಂ’ ಮತ್ತು ‘ಎನ್’ ಎಂಬ ಎರಡು ರೆಂಬೆಗಳಲ್ಲಿ ಅಡಗುತ್ತಾರೆ. ಭಾರತೀಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ‘ಎಂ’ ರೆಂಬೆಗೆ ಸೇರಿದವರು. ಬದುಕಿರುವವರ ಸಾಕ್ಷ್ಯದಿಂದಲೇ ಸಿದ್ಧವಾಗಿ, ಆಮೇಲಿನ ಪರೀಕ್ಷೆಗಳೆಲ್ಲವನ್ನೂ ತಡೆದುಕೊಂಡು ನಿಂತಿರುವ ಮಹಾಸಿದ್ಧಾಂತ ಇದು.

ಸಮೀಪಕಾಲದ ವಿಷಯದಲ್ಲಿಯೂ ಇದೇ ಸಾಕ್ಷ್ಯ ವಿಶ್ವಾಸಾರ್ಹವೆಂಬುದಕ್ಕೆ ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿಯೇ ನಿದರ್ಶನವಿದೆ. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿಗಳನ್ನು ಅವರ ಪೂರ್ವಿಕರ ಕಾಲದಲ್ಲಿ ಪೋರ್ಚುಗೀಸರೇ ಮೊದಲಾದವರು ಆಫ್ರಿಕದಿಂದ ಗುಲಾಮರನ್ನಾಗಿ ತಂದರೆಂಬುದು ಚರಿತ್ರೆಗೆ ಗೊತ್ತಿರುವ ಮಾತು. ೨೦೧೧ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್ಎಯನ್ನು ಓದಿದಾಗ, ಅದರ ಬಹುಭಾಗ ಆಫ್ರಿಕದ ಬಾಂಟೂ ಜನರದೆಂದೂ, ಭಾರತೀಯರ ಅಂಶ ಅದರಲ್ಲಿ ಬೆರೆತದ್ದು ಸರಿಸುಮಾರು ೨೦೦ ವರ್ಷಗಳ ಹಿಂದೆಯೆಂದೂ, ಪೋರ್ಚುಗೀಸರಿಂದ ಬಂದಿರಬಹುದಾದ ಐರೋಪ್ಯ ಅಂಶವೂ ಕೊಂಚ ಇದೆಯೆಂದೂ ತಿಳಿದುಬಂತು. ಬೆರೆತು ಹೆಚ್ಚು ಕಾಲವಾಗದಿದ್ದರೆ ಪರಕೀಯ ತುಣುಕುಗಳು ಉದ್ದವಾಗಿಯೇ ಉಳಿದಿರುತ್ತವೆ, ಕಾಲ ಕಳೆದಂತೆ ತಲೆಮಾರಿನಿಂದ ತಲೆಮಾರಿಗೆ ಕತ್ತರಿಸುತ್ತ ಸಣ್ಣವಾಗುತ್ತವೆ ಎಂಬ ಸರಳ ನಿಯಮವೇ ಈ ಕಾಲಗಣನೆಗೆ ಆಧಾರ. ಲಿಖಿತ ಚರಿತ್ರೆಯಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಾನ ದೊರೆಯದೆ ಹೋದ ಜನರ ಪಯಣವನ್ನು ಅವರ ದೇಹವೇ ಕಾಪಾಡಿಕೊಂಡು ಬಂದಿರುವುದನ್ನು ಓದಿದಾಗ ಈ ವಿದ್ಯೆಯ ವಿಷಯದಲ್ಲಿ ಗೌರವ ಹುಟ್ಟದೆ ಇರದು.

ಕಾಲ ದೂರವಾದಂತೆ ಕಷ್ಟವೂ ಬೆಳೆಯುತ್ತದೆ. ತಾಯಿಯ ಪರಂಪರೆಯೊಂದು, ತಂದೆಯ ಪರಂಪರೆಯೊಂದು, ಇವೆರಡನ್ನೇ ನೆಚ್ಚಿದವನಿಗೆ ಹತ್ತು ತಲೆಮಾರು ಹಿಂದಿನ ೧,೦೨೪ ಪೂರ್ವಿಕರಲ್ಲಿ ಇಬ್ಬರ ಮಾತು ಮಾತ್ರ ಕೇಳಿಸುತ್ತದೆ. ಇದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ವೃಕ್ಷದ ಕವಲು ಎಂದು ಒಡೆಯಿತೆಂದು ಅಂದಾಜಿಸಬಹುದೇ ಹೊರತು, ಎಲ್ಲಿ ಒಡೆಯಿತೆಂಬುದಕ್ಕೆ ಜೀವಂತರ ದೇಹದಲ್ಲಿ ಲಿಖಿತವಿಲ್ಲ. ನಮ್ಮ ದೇಶದ ವಿವಾದವೇ ಇದಕ್ಕೆ ಉದಾಹರಣೆ. ವೈ ವರ್ಣತಂತುವಿನ ‘ಆರ್1ಎ’ ಎಂಬ ಕವಲು ಪೂರ್ವ ಯೂರೋಪಿನಿಂದ ಉತ್ತರ ಭಾರತದವರೆಗೆ ಹರಡಿದೆ. ೨೦೦೧ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮೇಲುಜಾತಿಯವರ ಪಿತೃಪರಂಪರೆ ಐರೋಪ್ಯರಿಗೆ ಸಮೀಪವೆಂದು ಹೇಳಿ ವಾಯವ್ಯದಿಂದ ಬಂದ ವಲಸೆಯನ್ನು ಸಮರ್ಥಿಸಿದರೆ, ೨೦೦೬ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಅಂಥವೇ ಪರಂಪರೆಗಳನ್ನು ಪರಿಶೀಲಿಸಿ ಅವುಗಳ ಮೂಲ ಬಹುಮಟ್ಟಿಗೆ ಇಲ್ಲಿಯದೇ ಎಂಬ ಕಡೆಗೆ ವಾಲಿದವು. ಇವರಲ್ಲಿ ಯಾರೂ ಅಪ್ರಾಮಾಣಿಕರಲ್ಲ. ಎರಡು ವಿರುದ್ಧ ನಿರ್ಣಯಗಳಿಗೂ ಎಡೆಗೊಡುವಂಥ ಸಾಕ್ಷ್ಯವನ್ನು ನೆಚ್ಚಬೇಕಾಗಿ ಬಂದುದೇ ಅವರ ಕಷ್ಟ.

ಈ ಕಷ್ಟ ಪರಿಹಾರವಾಗಬೇಕಾದರೆ ಕಾಲವೂ ಸ್ಥಳವೂ ಗೊತ್ತಿರುವ ಮೃತದೇಹದ ಡಿಎನ್ಎ ಬೇಕು. ಅದು ಸಾಧ್ಯವೆಂಬ ಸೂಚನೆ ೧೯೮೪ರಲ್ಲಿ, ನಿರ್ವಂಶವಾಗಿದ್ದ ಕ್ವಾಗ ಎಂಬ ಪ್ರಾಣಿಯ ಒಣಚರ್ಮದಿಂದ ಡಿಎನ್ಎ ತೆಗೆದಾಗ ದೊರೆಯಿತು. ಮರುವರ್ಷವೇ ಸ್ವಾಂಟೆ ಪೇಬೊ ಎಂಬ ಸ್ವೀಡನ್ನಿನ ತರುಣನು ಈಜಿಪ್ಟಿನ ಮಮ್ಮಿಯೊಂದರಿಂದ ಡಿಎನ್ಎ ಪಡೆದುದಾಗಿ ಪ್ರಕಟಿಸಿದನು; ಅದು ಮಮ್ಮಿಯದಲ್ಲ, ಮುಟ್ಟಿದವರಾರದೋ ಆಧುನಿಕ ಡಿಎನ್ಎ ಎಂದು ಆಮೇಲೆ ವಿಜ್ಞಾನಿಗಳು ಮನಗಂಡರು. ಅಲ್ಲಿಂದ ಮುಂದಿನ ಮೂವತ್ತು ವರ್ಷಗಳ ಕಥೆಯ ಬಹುಭಾಗ ಈ ಮಾಲಿನ್ಯದೊಡನೆ ನಡೆದ ಹೋರಾಟವೇ. ಸತ್ತ ಜೀವಿಯ ಡಿಎನ್ಎ ಚೂರುಚೂರಾಗಿ ಒಡೆಯುತ್ತದೆ. ಚೂರುಗಳ ತುದಿಯಲ್ಲಿ ಒಂದು ಬಗೆಯ ಅಕ್ಷರ ಕಾಲಕ್ರಮದಲ್ಲಿ ಕೆಟ್ಟು ಇನ್ನೊಂದರಂತೆ ಓದಿಸಿಕೊಳ್ಳುತ್ತದೆ. ಈ ಕೆಡುಕೇ ಸಂಶೋಧಕರಿಗೆ ಉಪಕಾರವಾಯಿತು: ತುದಿ ಕೆಟ್ಟಿರುವ ಚೂರು ಪುರಾತನ, ತುದಿ ಶುದ್ಧವಾಗಿರುವುದು ಮೊನ್ನೆ ಮುಟ್ಟಿದವರದು ಎಂಬ ವಿವೇಚನೆ ಸಾಧ್ಯವಾಯಿತು. ಬೆರಳ ತುದಿಯಿಂದ ನೆತ್ತಿಯವರೆಗೆ ಮುಚ್ಚಿಕೊಂಡು, ಶುದ್ಧೀಕರಿಸಿದ ಗಾಳಿಯ ಕೊಠಡಿಯಲ್ಲಿ ಕೆಲಸ ಮಾಡುವ ಪದ್ಧತಿ ಬಂತು. ೨೦೧೪ರ ಸುಮಾರಿಗೆ, ಒಳಗಿವಿಯನ್ನು ಸುತ್ತುವರಿದಿರುವ ಬುರುಡೆಯ ಭಾಗ ದೇಹದಲ್ಲಿಯೇ ಅತ್ಯಂತ ಸಾಂದ್ರವಾದ ಎಲುಬಾಗಿದ್ದು, ಇತರ ಎಲುಬುಗಳಿಗಿಂತ ಎಷ್ಟೋ ಪಾಲು ಹೆಚ್ಚು ಡಿಎನ್ಎಯನ್ನು ಉಳಿಸಿಕೊಂಡಿರುವುದೆಂದು ಗೊತ್ತಾಯಿತು. ಇಷ್ಟಾದರೂ ಪ್ರಮಾದಗಳು ತಪ್ಪಲಿಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ ೧೯೯೧ರಲ್ಲಿ ದೊರೆತ, ಸುಮಾರು ೫,೩೦೦ ವರ್ಷ ಹಳೆಯ ‘ಓಟ್ಸಿ’ ಎಂಬ ಮೃತದೇಹದ ಡಿಎನ್ಎಯನ್ನು ೨೦೧೨ರಲ್ಲಿ ಓದಿದಾಗ ಅದರಲ್ಲಿ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನ ಪಶುಪಾಲಕರ ಅಂಶ ಕಂಡಿತ್ತು, ೨೦೨೩ರಲ್ಲಿ ಮತ್ತೆ ಶುದ್ಧವಾಗಿ ಓದಿದಾಗ ಆ ಅಂಶ ಮಾಯವಾಗಿ, ಅನಟೋಲಿಯದ ಕೃಷಿಕರ ಅಂಶವೇ ನೂರಕ್ಕೆ ೯೦ಕ್ಕೂ ಮೇಲೆ ಇರುವುದು ಸ್ಪಷ್ಟವಾಯಿತು.

ಪೇಬೊ ಮಾತ್ರ ಹಿಂದೆಗೆಯಲಿಲ್ಲ. ೧೮೫೬ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸಿಕ್ಕಿದ್ದ, ನಿಯಾಂಡರ್ತಾಲರೆಂಬ ಅಳಿದ ಮಾನವಕುಲದ ಮೂಲ ಅಸ್ಥಿಯಿಂದಲೇ ೧೯೯೭ರಲ್ಲಿ ಅವರ ತಂಡ ಮೈಟೊಕಾಂಡ್ರಿಯವನ್ನು ಓದಿತು. ಅದು ನಮ್ಮೆಲ್ಲರ ವೃಕ್ಷದಿಂದ ಹೊರಗೆ ನಿಂತಿತಾದ್ದರಿಂದ, ನಿಯಾಂಡರ್ತಾಲರು ನಮ್ಮೊಡನೆ ಬೆರೆಯದೆ ಅಳಿದುಹೋದರೆಂಬ ನಂಬಿಕೆ ಬಲವಾಯಿತು. ೨೦೧೦ರಲ್ಲಿ ಕ್ರೊಯೇಷಿಯದ ವಿಂಡಿಯಾ ಗುಹೆಯ ಎಲುಬುಗಳಿಂದ ಕೇಂದ್ರದ ಲಿಪಿಯನ್ನು ಓದಿದಾಗ ಆ ನಂಬಿಕೆ ಉರುಳಿತು: ಆಫ್ರಿಕದ ಹೊರಗಿನ ಸಕಲ ಜನರಲ್ಲಿಯೂ, ಎಂದರೆ ಈ ಲೇಖನವನ್ನು ಓದುವವರಲ್ಲಿ ಪ್ರಾಯಶಃ ಪ್ರತಿಯೊಬ್ಬರಲ್ಲಿಯೂ, ನೂರಕ್ಕೆ ಒಂದೆರಡು ಪಾಲು ಅವರ ಅಂಶವಿದೆ. ಅದೇ ವರ್ಷ ಸೈಬೀರಿಯದ ಡೆನಿಸೋವ ಗುಹೆಯ ಕಿರುಬೆರಳಿನ ಒಂದು ಚೂರು, ಯಾರೂ ಕಂಡು ಕೇಳದಿದ್ದ ಇನ್ನೊಂದು ಮಾನವಕುಲವನ್ನೇ ಬೆಳಕಿಗೆ ತಂದಿತು. ಅದರ ಅಂಶ ಇಂದು ಹೆಚ್ಚಾಗಿ ಕಾಣುವುದು ದೂರದ ಪಪುವಾ ನ್ಯೂಗಿನಿಯ ಜನರಲ್ಲಿ. ತಾಯಿ ನಿಯಾಂಡರ್ತಾಲಳೂ ತಂದೆ ಡೆನಿಸೋವದವನೂ ಆಗಿದ್ದ, ಸುಮಾರು ೯೦,೦೦೦ ವರ್ಷಗಳ ಹಿಂದಿನ ಬಾಲೆಯೊಬ್ಬಳ ಎಲುಬಿನ ಚೂರನ್ನು ಅದೇ ಗುಹೆಯಿಂದ ೨೦೧೮ರಲ್ಲಿ ಗುರುತಿಸಿದರು. ಸೈಬೀರಿಯದ ಉಸ್ತ್-ಇಶಿಮ್ ಎಂಬಲ್ಲಿ ದೊರೆತ ೪೫,೦೦೦ ವರ್ಷ ಪುರಾತನನಾದ ಪುರುಷನ ತೊಡೆಯೆಲುಬಿನಲ್ಲಿ ನಿಯಾಂಡರ್ತಾಲ ತುಣುಕುಗಳು ಇನ್ನೂ ಉದ್ದವಾಗಿದ್ದುದರಿಂದ, ಆ ಸಂಕರ ನಡೆದದ್ದು ೫೦,೦೦೦ದಿಂದ ೬೦,೦೦೦ ವರ್ಷಗಳ ಹಿಂದೆಯೆಂದು ಗೊತ್ತುಹಚ್ಚಲು ಸಾಧ್ಯವಾಯಿತು. ೨೦೨೨ರಲ್ಲಿ ಪೇಬೊ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಗಣಿತದಿಂದ ಊಹಿಸಿದ್ದು ಅಸ್ಥಿಯಿಂದ ದೃಢಪಟ್ಟ ಪ್ರಸಂಗಗಳೂ ಉಂಟು. ಅವುಗಳಲ್ಲಿ ನನಗೆ ಅತ್ಯಂತ ರಮಣೀಯವಾಗಿ ತೋರುವುದು ಮಾಲ್ಟದ ಬಾಲಕನ ಕಥೆ. ಉತ್ತರ ಯೂರೋಪಿನವರ ಡಿಎನ್ಎ ಅಮೆರಿಕದ ಆದಿವಾಸಿಗಳ ಡಿಎನ್ಎಯೊಡನೆ ವಿಚಿತ್ರವಾದ ಸಾಮೀಪ್ಯವನ್ನು ತೋರುತ್ತಿದ್ದುದರಿಂದ, ಇಬ್ಬರಿಗೂ ತನ್ನ ಅಂಶವನ್ನು ಕೊಟ್ಟು ಅಳಿದುಹೋದ ಜನವೊಂದು ಉತ್ತರ ಏಷ್ಯದಲ್ಲಿ ಇದ್ದಿರಬೇಕೆಂದು ೨೦೧೨ರಲ್ಲಿ ನಿಕ್ ಪ್ಯಾಟರ್ಸನ್ ಮತ್ತು ಸಂಗಡಿಗರು ತರ್ಕಿಸಿದರು. ಬೈಕಲ್ ಸರೋವರದ ಬಳಿಯ ಮಾಲ್ಟ ಎಂಬಲ್ಲಿ ೧೯೨೦ರ ದಶಕದಲ್ಲಿ ಅಗೆದು ತೆಗೆದು ರಷ್ಯದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದ, ೨೪,೦೦೦ ವರ್ಷಗಳ ಹಿಂದಿನ ಎಳೆಯ ಬಾಲಕನ ಎಲುಬನ್ನು ಸ್ವಲ್ಪ ಕಾಲದಲ್ಲಿಯೇ ಓದಿದಾಗ, ತರ್ಕ ಹೇಳಿದ್ದ ಆ ಜನದವನೇ ಆತನೆಂದು ತಿಳಿಯಿತು. ಅಮೆರಿಕದ ಆದಿವಾಸಿಗಳ ಅಂಶದಲ್ಲಿ ನೂರಕ್ಕೆ ೧೪ರಿಂದ ೩೮ ಪಾಲು ಅವನ ಬಂಧುಗಳದು.

ಯೂರೋಪಿನ ಶೀತಭೂಮಿಯಲ್ಲಿ ಅಸ್ಥಿಗಳಿಗೆ ಕೊರತೆಯಿಲ್ಲ, ಹಣಕ್ಕೂ ಇಲ್ಲ. ಆದಕಾರಣ ಅಲ್ಲಿಯ ಚಿತ್ರ ಬೇರೆಲ್ಲ ಕಡೆಗಿಂತ ಮೊದಲು ಸ್ಪಷ್ಟವಾಯಿತು. ಮೊದಲು ಬೇಟೆಗಾರರು, ಅವರ ಮೇಲೆ ಅನಟೋಲಿಯದಿಂದ ಬಂದ ಕೃಷಿಕರು, ಇವರ ಮೇಲೆ ಸುಮಾರು ೫,೦೦೦ ವರ್ಷಗಳ ಹಿಂದೆ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ಹೊರಟ ಯಮ್ನಾಯ ಪಶುಪಾಲಕರು, ಹೀಗೆ ಮೂರು ಪದರಗಳು. ೨೦೧೫ರಲ್ಲಿ ೬೯ ಪ್ರಾಚೀನ ಐರೋಪ್ಯರನ್ನು ಓದಿದ ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ, ಜರ್ಮನಿಯ ‘ಹುರಿಗೆರೆ ಮಡಕೆ’ ಸಂಸ್ಕೃತಿಯವರ ಅಂಶದಲ್ಲಿ ಮುಕ್ಕಾಲು ಪಾಲು ಯಮ್ನಾಯರದೆಂದು ಸಾರಿತು. ಪ್ರಾಕ್ತನಶಾಸ್ತ್ರಜ್ಞರಲ್ಲಿ ಹಲವರಿಗೆ ಇದು ಅಸಮಾಧಾನವನ್ನು ತಂದಿತು, ಅದು ಅಕಾರಣವಾದುದಲ್ಲ. ಒಂದೊಂದು ಮಡಕೆಯ ಶೈಲಿಗೂ ಒಂದೊಂದು ಜನಾಂಗವನ್ನು ಗಂಟುಹಾಕಿದ ಗುಸ್ತಾಫ್ ಕೊಸಿನ್ನನ ವಾದವನ್ನು ನಾಜಿಗಳು ಯಾವ ಕೃತ್ಯಕ್ಕೆ ಬಳಸಿದರೆಂಬುದು ಆ ದೇಶ ಮರೆಯಬಾರದ ನೆನಪು. ಹಾಗೆಂದು ಸಂಖ್ಯೆಗಳನ್ನು ಅಲ್ಲಗಳೆಯುವಂತಿಲ್ಲ. ಬಂದವರು ಬಹುಮಂದಿ ಎಂಬುದು ಸಿದ್ಧ; ಅವರು ಹೇಗೆ ಬಂದರು, ಇದ್ದವರೊಡನೆ ಹೇಗೆ ವರ್ತಿಸಿದರು ಎಂಬುದನ್ನು ಡಿಎನ್ಎ ಹೇಳದು.

ಜನವೂ ಭಾಷೆಯೂ ಒಂದೇ ದಾರಿಯಲ್ಲಿ ನಡೆಯುವುವೆಂದು ನಂಬುವವರು ಶಾಂತಸಾಗರದ ವನುವಾಟು ದ್ವೀಪಗಳ ಕಡೆ ತಿರುಗಿ ನೋಡಬೇಕು. ಅಲ್ಲಿಯ ಟಿಯೌಮ ಎಂಬ ಸ್ಮಶಾನದಲ್ಲಿ ದೊರೆತ, ಸುಮಾರು ೩,೦೦೦ ವರ್ಷಗಳ ಹಿಂದಿನ ಮೊದಲ ವಲಸಿಗರ ಅಸ್ಥಿಗಳನ್ನು ೨೦೧೬ರಲ್ಲಿ ಓದಿದಾಗ, ಅವರು ಏಷ್ಯದ ಕಡೆಯಿಂದ, ತೈವಾನಿನ ಆದಿವಾಸಿಗಳ ಬಂಧುಗಳಾಗಿ ಬಂದವರೆಂದೂ, ಪಪುವಾದ ಅಂಶ ಅವರಲ್ಲಿ ಇಲ್ಲವೇ ಇಲ್ಲವೆಂಬಷ್ಟು ಕಡಮೆಯೆಂದೂ ತಿಳಿದು ಎಲ್ಲರೂ ಬೆರಗಾದರು. ಏಕೆಂದರೆ ಇಂದಿನ ವನುವಾಟುವಿನವರಲ್ಲಿ ಪಪುವಾದ ಅಂಶವೇ ಪ್ರಧಾನ. ಮಧ್ಯದಲ್ಲಿ ಜನ ಬಹುತೇಕ ಬದಲಾಗಿಹೋಗಿದ್ದಾರೆ. ಆದರೂ ಇಂದಿನವರು ಆಡುವ ನುಡಿಗಳು ಆ ಮೊದಲ ವಲಸಿಗರು ತಂದ ಆಸ್ಟ್ರೊನೇಷಿಯನ್ ವರ್ಗದವೇ. ಹೊಸಬರು ಬಂದು ಹಳಬರ ಭಾಷೆಯನ್ನು ಕೈಗೊಂಡು ಮುಂದುವರಿಸಿದ ಈ ವೃತ್ತಾಂತವನ್ನು, ಅಸ್ಥಿಗಳು ದೊರೆಯದೆ, ಜೀವಂತರ ರಕ್ತವೊಂದರಿಂದಲೇ ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಈ ಎಚ್ಚರವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶಕ್ಕೆ ಬರೋಣ. ೨೦೦೯ರಲ್ಲಿ ಸಿಸಿಎಂಬಿಯ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಅವರೂ ರೈಕ್ ಅವರ ತಂಡವೂ ಕೂಡಿ, ೨೫ ಸಮುದಾಯಗಳ ೧೩೨ ಮಂದಿಯ ಡಿಎನ್ಎಯನ್ನು ವಿಶ್ಲೇಷಿಸಿ, ಇಂದಿನ ಬಹುತೇಕ ಭಾರತೀಯರು ‘ಪ್ರಾಚೀನ ಉತ್ತರ ಭಾರತೀಯರು’, ‘ಪ್ರಾಚೀನ ದಕ್ಷಿಣ ಭಾರತೀಯರು’ ಎಂಬ ಎರಡು ಮೂಲಜನಗಳ ಮಿಶ್ರಣವೆಂದು ಪ್ರತಿಪಾದಿಸಿದರು. ಮೊದಲನೆಯವರ ಅಂಶ ನೂರಕ್ಕೆ ೩೯ರಿಂದ ೭೧ರವರೆಗೆ ಸಮುದಾಯದಿಂದ ಸಮುದಾಯಕ್ಕೆ ಭಿನ್ನವಾಗಿದ್ದರೂ, ಈ ಮಿಶ್ರಣದಿಂದ ಹೊರಗುಳಿದವರು ಭಾರತದ ನೆಲನಾಡಿನಲ್ಲಿ ಇಲ್ಲವೆಂಬಷ್ಟು ವಿರಳ. ೨೦೧೩ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು ೭೩ ಸಮುದಾಯಗಳನ್ನು ಪರಿಶೀಲಿಸಿ, ಈ ಸಂಕರ ೪,೨೦೦ರಿಂದ ೧,೯೦೦ ವರ್ಷಗಳ ಹಿಂದಿನ ಅವಧಿಯಲ್ಲಿ ವ್ಯಾಪಕವಾಗಿ ನಡೆಯಿತೆಂದೂ, ಆಮೇಲೆ ಸಮುದಾಯಗಳು ತಮ್ಮ ತಮ್ಮೊಳಗೇ ವಿವಾಹ ಮಾಡಿಕೊಳ್ಳುವ ಕಟ್ಟಿಗೆ ಒಳಗಾದುವೆಂದೂ ತೋರಿಸಿದರು. ಜಾತಿಯ ಕಟ್ಟು ಅನಾದಿಯಲ್ಲ. ಅದಕ್ಕೆ ಮೊದಲು ಎರಡು ಸಾವಿರ ವರ್ಷಗಳ ಕಾಲ ಎಲ್ಲರೂ ಎಲ್ಲರೊಡನೆಯೂ ಬೆರೆತ ಯುಗವೊಂದಿತ್ತು ಎಂಬ ಈ ನಿರ್ಣಯ, ನನ್ನ ಅಭಿಪ್ರಾಯದಲ್ಲಿ, ಭಾರತದ ಬಗೆಗೆ ಈ ವಿದ್ಯೆ ಹೇಳಿರುವ ಅತ್ಯಂತ ಮಹತ್ತ್ವದ ಮಾತು. ಅದರ ವ್ಯಾವಹಾರಿಕ ಫಲವೂ ಸಣ್ಣದಲ್ಲ: ಆರ್ಯವೈಶ್ಯರಲ್ಲಿ ಶಸ್ತ್ರಚಿಕಿತ್ಸೆಗಾಗಿ ಕೊಡುವ ಒಂದು ಬಗೆಯ ಸ್ನಾಯುಶೈಥಿಲ್ಯದ ಔಷಧ ಕೆಲವರ ದೇಹದಿಂದ ಬೇಗ ಇಳಿಯದಿರುವುದಕ್ಕೆ ಕಾರಣವಾದ ವಂಶವಾಹಿದೋಷ ಹೆಚ್ಚಾಗಿರುವುದು, ದೀರ್ಘಕಾಲದ ಒಳವಿವಾಹದ ಪರಿಣಾಮ, ಅರಿವಳಿಕೆ ನೀಡುವ ವೈದ್ಯರು ಇದನ್ನು ತಿಳಿದಿರಬೇಕಾದುದು ಅವಶ್ಯಕ.

೨೦೦೯ರ ಆ ಚಿತ್ರವೂ ಅಸ್ಥಿಯ ತಿದ್ದುಪಡಿಯಿಂದ ತಪ್ಪಿಸಿಕೊಳ್ಳಲಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಎರಡು ಪ್ರಬಂಧಗಳು ಹೊರಬಂದವು. ವಾಘೀಶ್ ನರಸಿಂಹನ್ ಮೊದಲಾದವರದು ಮಧ್ಯ ಏಷ್ಯ, ಇರಾನ್ ಮತ್ತು ಸ್ವಾತ್ ಕಣಿವೆಗಳ ೫೨೩ ಪ್ರಾಚೀನರನ್ನು ಕುರಿತದ್ದು. ವಸಂತ ಶಿಂದೆ ಅವರ ನೇತೃತ್ವದ್ದು ಹರಿಯಾಣದ ರಾಖಿಗಢಿಯ ಒಬ್ಬಳೇ ಒಬ್ಬ ಸ್ತ್ರೀಯನ್ನು ಕುರಿತದ್ದು. ಹರಪ್ಪಾ ಸಂಸ್ಕೃತಿಯ ಆ ನಗರದ ಸ್ಮಶಾನದಿಂದ ೬೧ ಅಸ್ಥಿ ಮಾದರಿಗಳನ್ನು ಪರೀಕ್ಷಿಸಿದಾಗ ಓದುವಷ್ಟು ಡಿಎನ್ಎ ಉಳಿದಿದ್ದುದು ಒಂದರಲ್ಲಿ. ಅದರಿಂದಲೂ ನೂರಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ಅಂಶಗಳನ್ನು ಸಂಗ್ರಹಿಸಿ ಒಟ್ಟುಗೂಡಿಸಬೇಕಾಯಿತು. ಆಕೆಯಲ್ಲಿ ಕಂಡದ್ದು, ಈ ನೆಲದ ಅತಿ ಪುರಾತನ ಬೇಟೆಗಾರರ ಅಂಶ ಮತ್ತು ಇರಾನಿನ ಪ್ರಾಚೀನರಿಗೆ ದೂರಬಂಧುಗಳಾದವರ ಅಂಶ. ಹುಲ್ಲುಗಾವಲಿನ ಪಶುಪಾಲಕರ ಅಂಶ ಆಕೆಯಲ್ಲಿ ಇಲ್ಲ. ತುರ್ಕಮೆನಿಸ್ತಾನದ ಗೋನುರ್, ಇರಾನಿನ ಶಹರ್-ಇ-ಸೋಖ್ತಾ ಎಂಬ ನಗರಗಳಲ್ಲಿ ಸ್ಥಳೀಯರಂತಲ್ಲದೆ ಬೇರೆಯಾಗಿ ಕಂಡ ೧೧ ಮಂದಿ ಇದೇ ಮಿಶ್ರಣದವರಾದ್ದರಿಂದ, ಅವರು ಸಿಂಧೂ ದೇಶದಿಂದ ಅಲ್ಲಿಗೆ ಹೋದವರೆಂಬ ಊಹೆ ಪುಷ್ಟಿಗೊಂಡಿತು. ಇರಾನಿನವರೊಡನೆ ಇರುವ ಆ ಬಾಂಧವ್ಯವಾದರೂ ಅಲ್ಲಿ ಕೃಷಿ ಆರಂಭವಾಗುವುದಕ್ಕೆ ಮುಂಚೆಯೇ ಕವಲೊಡೆದದ್ದು. ಎಂದಮೇಲೆ ಪಶ್ಚಿಮದಿಂದ ದೊಡ್ಡ ಸಂಖ್ಯೆಯಲ್ಲಿ ಬಂದ ರೈತರು ನಮಗೆ ಬೇಸಾಯವನ್ನು ಕಲಿಸಿದರೆಂಬ ಹಳೆಯ ಮತಕ್ಕೆ ಆಧಾರ ಸಡಿಲವಾಯಿತು.

ಹುಲ್ಲುಗಾವಲಿನ ಅಂಶ ಉಪಖಂಡವನ್ನು ಪ್ರವೇಶಿಸಿದ್ದು ಕ್ರಿ.ಪೂ. ೨೦೦೦ದಿಂದ ೧೫೦೦ರ ನಡುವೆ ಎಂದು ಮೊದಲನೆಯ ಪ್ರಬಂಧ ನಿರ್ಣಯಿಸಿತು. ಇಂದು ಕೆಲವು ಸಮುದಾಯಗಳಲ್ಲಿ ಅದು ನೂರಕ್ಕೆ ೩೦ರವರೆಗೂ ಇದೆ. ಪಾರಂಪರಿಕವಾಗಿ ಪುರೋಹಿತವೃತ್ತಿಯವರಾದ ಹಲವು ಸಮುದಾಯಗಳಲ್ಲಿ ನಿರೀಕ್ಷೆಗಿಂತ ಅಧಿಕವಾಗಿದೆ. ಹರಪ್ಪಾದ ಮಿಶ್ರಣವು ದಕ್ಷಿಣದ ಬೇಟೆಗಾರರೊಡನೆ ಇನ್ನಷ್ಟು ಬೆರೆತು ೨೦೦೯ರಲ್ಲಿ ‘ದಕ್ಷಿಣದವರು’ ಎಂದು ಕರೆಸಿಕೊಂಡವರೂ, ಹುಲ್ಲುಗಾವಲಿನವರೊಡನೆ ಬೆರೆತು ‘ಉತ್ತರದವರು’ ಎಂದು ಕರೆಸಿಕೊಂಡವರೂ ರೂಪುಗೊಂಡರು. ಅನಾದಿ ಮೂಲಜನಗಳೆಂದು ತೋರಿದ್ದ ಎರಡೂ ಹೀಗೆ ಹರಪ್ಪಾದ ಅವನತಿಯ ಕಾಲದಲ್ಲಿ ಹುಟ್ಟಿದ ಮಿಶ್ರಜನಗಳಾದವು. ಎರಡರಲ್ಲಿಯೂ ಸಿಂಧೂ ದೇಶದವರ ಅಂಶವಿದೆ. ಈ ಪ್ರಬಂಧಗಳು ಹೊರಬಿದ್ದ ದಿನವೇ ವಲಸೆಯ ವಿವಾದದಲ್ಲಿ ಪರಸ್ಪರ ವಿರುದ್ಧವಾದ ಎರಡು ಪಕ್ಷಗಳವರೂ ಇವುಗಳಿಂದ ತಮಗೇ ಜಯವಾಯಿತೆಂದು ಘೋಷಿಸಿದ್ದು ನನಗೆ ದುಃಖ ತಂದ ಸಂಗತಿ. ರಾಖಿಗಢಿಯ ಸ್ತ್ರೀಯಲ್ಲಿ ಹುಲ್ಲುಗಾವಲಿನ ಅಂಶ ಇಲ್ಲವೆಂಬುದು ಆಮೇಲೆ ಅದು ಬರಲಿಲ್ಲವೆಂಬುದಕ್ಕೆ ಪ್ರಮಾಣವಲ್ಲ, ಬದಲಾಗಿ ಆಕೆಯ ಕಾಲದ ತರುವಾಯ ಬಂತೆಂಬುದಕ್ಕೆ ಅನುಕೂಲವಾದ ಸಾಕ್ಷ್ಯ. ಹಾಗೆಯೇ ಆ ಅಂಶ ಬಂತೆಂಬುದು ದಂಡಯಾತ್ರೆಗಾಗಲಿ ನಗರಗಳ ಧ್ವಂಸಕ್ಕಾಗಲಿ ಪ್ರಮಾಣವಲ್ಲ. ಇಂದಿನವರಲ್ಲಿ ಅದು ಹೆಚ್ಚಾಗಿ ಪುರುಷರ ಮೂಲಕ ಬಂದಂತೆ ಕಂಡರೆ, ಸ್ವಾತ್ ಕಣಿವೆಯ ಸಮಾಧಿಗಳಲ್ಲಿ ಅದು ಹೆಚ್ಚಾಗಿ ಸ್ತ್ರೀಯರ ಮೂಲಕ ಬಂದಿದೆ. ಒಂದೇ ಸೂತ್ರಕ್ಕೆ ಸಿಕ್ಕದ ಈ ವೈವಿಧ್ಯವನ್ನು ವಾದಿಗಳು ಕಣ್ಣೆತ್ತಿ ನೋಡಲಿಲ್ಲ.

ಹಿಮಾಲಯದ ೫,೦೦೦ ಮೀಟರಿಗೂ ಎತ್ತರದ ರೂಪಕುಂಡವೆಂಬ ಕೊಳದ ಅಸ್ಥಿಗಳನ್ನು ಒಂದೇ ದುರಂತದಲ್ಲಿ ಮಡಿದ ಯಾತ್ರಿಕರದೆಂದು ಬಹುಕಾಲ ಭಾವಿಸಿದ್ದರು. ಅದೇ ೨೦೧೯ರಲ್ಲಿ ೩೮ ಮಂದಿಯನ್ನು ಓದಿದಾಗ, ೨೩ ಮಂದಿ ಕ್ರಿ.ಶ. ೮೦೦ರ ಆಸುಪಾಸಿನ ಭಾರತೀಯರೆಂದೂ, ೧೪ ಮಂದಿ ಅದಕ್ಕಿಂತ ಸುಮಾರು ಸಾವಿರ ವರ್ಷ ಈಚಿನವರಾದ, ಪೂರ್ವ ಮೆಡಿಟರೇನಿಯನ್ ತೀರದ ಮೂಲದವರೆಂದೂ, ಒಬ್ಬ ಆಗ್ನೇಯ ಏಷ್ಯದವನೆಂದೂ ತಿಳಿದುಬಂತು. ಆ ದೂರದವರು ಅಲ್ಲಿಗೆ ಏಕೆ ಹೋದರೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಶೀತವು ಅಸ್ಥಿಯನ್ನು ಕಾಪಾಡಿದಲ್ಲಿ ನಮ್ಮ ದೇಶದ ಚರಿತ್ರೆಯೂ ಎಂಥ ಅನಿರೀಕ್ಷಿತಗಳನ್ನು ಹೊರಗೆಡಹಬಲ್ಲುದೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ವಿಂಧ್ಯದಿಂದ ಇತ್ತ ಕಡೆ ಶೀತವಿಲ್ಲ. ಡಿಎನ್ಎಯ ಪರಮಶತ್ರುಗಳು ಉಷ್ಣವೂ ಆರ್ದ್ರತೆಯೂ. ಎರಡೂ ನಮ್ಮಲ್ಲಿ ಧಾರಾಳ. ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಮೈಕೆಲ್ ಪೆಟ್ರಾಲಿಯಾ ಅವರೂ ನಮ್ಮ ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಕೂಡಿ, ಸುಮಾರು ೭೪,೦೦೦ ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿಯ ಪದರದ ಕೆಳಗೂ ಮೇಲೂ ಶಿಲಾಯುಧಗಳನ್ನು ಕಂಡು, ೨೦೦೭ರಲ್ಲಿ ಪ್ರಕಟಿಸಿದರು. ಅವುಗಳನ್ನು ಮಾಡಿದವರು ನಮ್ಮಂಥ ಮಾನವರೇ ಆಗಿದ್ದರೆ, ಆಫ್ರಿಕದಿಂದ ಹೊರಟುದು ಡಿಎನ್ಎ ಹೇಳುವ ಕಾಲಕ್ಕಿಂತ ಬಹು ಮೊದಲು ಎಂದಾಗುತ್ತದೆ. ಭಾರತದ ೨,೭೦೦ಕ್ಕೂ ಹೆಚ್ಚು ಮಂದಿಯನ್ನು ಸಮಗ್ರವಾಗಿ ಓದಿದ ಇತ್ತೀಚಿನ ಅಧ್ಯಯನವಾದರೋ, ಇಂದಿನವರ ಅಂಶದ ಬಹುಪಾಲು ಸುಮಾರು ೫೦,೦೦೦ ವರ್ಷಗಳ ಹಿಂದಿನ ಒಂದೇ ನಿರ್ಗಮನದಿಂದ ಬಂದದ್ದೆಂದು ಹೇಳುತ್ತದೆ. ಜ್ವಾಲಾಪುರದವರು ಸಂತತಿಯಿಲ್ಲದೆ ಅಳಿದರೋ, ಅವರು ಬೇರೆ ಮಾನವಕುಲದವರೋ? ಕಲ್ಲಿನಲ್ಲಿ ವಂಶದ ಲಿಪಿಯಿಲ್ಲ. ಆ ಕಾಲದ ಎಲುಬು ಅಲ್ಲಿ ದೊರೆತಿಲ್ಲ. ಬಳ್ಳಾರಿ ಸೀಮೆಯ ತೆಕ್ಕಲಕೋಟೆ, ಸಂಗನಕಲ್ಲುಗಳ ನವಶಿಲಾಯುಗದವರು, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಕ್ರಿ.ಪೂ. ೧೦೦೦ದ ಸುಮಾರಿಗೆ ಕಬ್ಬಿಣವನ್ನು ಬಳಸಿದವರು, ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದ ಬೃಹತ್‌ಶಿಲಾ ಸಮಾಧಿಗಳನ್ನು ಕಟ್ಟಿದವರು, ಇವರೆಲ್ಲ ಪರಸ್ಪರ ಬಂಧುಗಳೋ ಅನ್ಯರೋ, ಉತ್ತರದ ಹರಪ್ಪಾದವರಿಗೆ ಏನಾಗಬೇಕು, ಇಂದಿನ ಕನ್ನಡಿಗರಿಗೆ ಏನಾಗಬೇಕು ಎಂಬ ಪ್ರಶ್ನೆಗಳಿಗೆ ಅವರವರ ಅಸ್ಥಿಯೇ ಉತ್ತರ ಹೇಳಬೇಕಾಗಿದೆ.

ಅಲ್ಲಿಯವರೆಗೆ ಜೀವಂತರ ಸಾಕ್ಷ್ಯವನ್ನೇ ಆಶ್ರಯಿಸುವುದು ಅನಿವಾರ್ಯ. ಅದರಿಂದ ಹೊಸ ಸಂಗತಿಗಳೂ ಹೊರಡುತ್ತಿವೆ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಇದ್ದ ತಂಡವೊಂದು ಕರಾವಳಿಯ ಕೊರಗ ಸಮುದಾಯದ ಡಿಎನ್ಎಯಲ್ಲಿ, ಮೇಲೆ ಹೇಳಿದ ಬೇಟೆಗಾರರ, ಇರಾನಿನ ಬಂಧುಗಳ, ಹುಲ್ಲುಗಾವಲಿನವರ ಮೂರು ಅಂಶಗಳಲ್ಲದೆ, ಸುಮಾರು ೪,೪೦೦ ವರ್ಷಗಳ ಹಿಂದೆ ಕವಲೊಡೆದ ಇನ್ನೊಂದು ಅಂಶವನ್ನು ಗುರುತಿಸಿ, ಅದನ್ನು ಇರಾನಿನ ಪ್ರಸ್ಥಭೂಮಿ ಮತ್ತು ಸಿಂಧೂ ಕಣಿವೆಗಳ ನಡುವಣ ಪ್ರದೇಶಕ್ಕೂ ಮೂಲದ್ರಾವಿಡ ಭಾಷಿಕರಿಗೂ ಸಂಬಂಧಿಸಿದೆ. ಶತಮಾನಗಳ ಕಾಲ ಅಸ್ಪೃಶ್ಯತೆಯ ಕ್ರೌರ್ಯವನ್ನು ಉಂಡ ಸಮುದಾಯವೊಂದು ದ್ರಾವಿಡ ಭಾಷೆಗಳ ಚರಿತ್ರೆಯ ಕೇಂದ್ರದಲ್ಲಿ ನಿಲ್ಲಬಹುದೆಂಬ ಸಾಧ್ಯತೆ ಸಾಮಾನ್ಯವಾದುದಲ್ಲ. ಅಂಶವೊಂದು ಇದೆಯೆಂಬುದನ್ನು ಒಪ್ಪೋಣ; ಅದಕ್ಕೆ ಭಾಷೆಯ ಹೆಸರಿಡುವ ಮುನ್ನ ಮಾತ್ರ ವನುವಾಟುವನ್ನು ನೆನೆಯಬೇಕು.

ಅಸ್ಥಿಯನ್ನು ಅಪೇಕ್ಷಿಸುವಾಗ ಅದು ಯಾರದೆಂಬ ವಿಚಾರವೂ ಬರುತ್ತದೆ. ಅಮೆರಿಕದಲ್ಲಿ ೧೯೯೬ರಲ್ಲಿ ದೊರೆತ ಕೆನೆವಿಕ್ ಮನುಷ್ಯನ ಅಸ್ಥಿಗಾಗಿ ವಿಜ್ಞಾನಿಗಳಿಗೂ ಆದಿವಾಸಿಗಳಿಗೂ ದೀರ್ಘ ವ್ಯಾಜ್ಯ ನಡೆಯಿತು. ಕೊನೆಗೆ ೨೦೧೫ರಲ್ಲಿ ಡಿಎನ್ಎಯೇ ಆತ ಆದಿವಾಸಿಗಳ ಬಂಧುವೆಂದು ಹೇಳಿ, ೨೦೧೭ರಲ್ಲಿ ಅವರು ಅವನನ್ನು ಮರಳಿ ಮಣ್ಣುಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಸಾನ್ ಜನ ತಮ್ಮನ್ನು ಅಧ್ಯಯನ ಮಾಡಬರುವವರಿಗಾಗಿ ತಾವೇ ನೀತಿಸಂಹಿತೆಯೊಂದನ್ನು ರಚಿಸಿ ಪ್ರಕಟಿಸಿದರು. ನಮ್ಮಲ್ಲಿ ರಕ್ತವನ್ನು ಕೊಟ್ಟ ಸಮುದಾಯಗಳಿಗೆ ಫಲಿತಾಂಶವನ್ನು ಅವರ ನುಡಿಯಲ್ಲಿ ತಿಳಿಸುವ ಕ್ರಮ ಇನ್ನೂ ನೆಲೆಗೊಳ್ಳಬೇಕಾಗಿದೆ. ಅದು ಸೌಜನ್ಯವಲ್ಲ, ಋಣ.

ಇನ್ನು ಮಾಡಬೇಕಾದ ಕೆಲಸದ ಮಾತು. ಗುಹೆಗಳ ಮಣ್ಣಿನಿಂದಲೇ ಮಾನವ ಡಿಎನ್ಎಯನ್ನು ಬೇರ್ಪಡಿಸುವ ವಿದ್ಯೆ ೨೦೧೭ರಿಂದೀಚೆಗೆ ಸಿದ್ಧಿಸಿದೆ. ಎಲುಬು ಹಲ್ಲುಗಳೊಳಗಿನ ಪ್ರೋಟೀನು ಡಿಎನ್ಎಗಿಂತ ಹೆಚ್ಚು ಕಾಲ ಬಾಳುವುದರಿಂದ, ಅದನ್ನು ಓದಿಯೇ ೨೦೧೯ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ದವಡೆಯೊಂದನ್ನು ಡೆನಿಸೋವದವರದೆಂದು ಗುರುತಿಸಲಾಯಿತು. ಉಷ್ಣದೇಶಕ್ಕೆ ಇವೆರಡು ಮಾರ್ಗಗಳೂ ಆಶಾದಾಯಕ. ಹಿಂದಿನ ತಲೆಮಾರಿನ ಉತ್ಖನನಗಳಲ್ಲಿ ಅಸ್ಥಿಯನ್ನು ಬರಿಗೈಯಿಂದ ಎತ್ತಿ, ತೊಳೆದು, ಗಟ್ಟಿಯಾಗಲೆಂದು ಅಂಟು ಲೇಪಿಸಿ ಇಡುವುದು ಲೋಕದ ಎಲ್ಲೆಡೆಯೂ ವಾಡಿಕೆಯಾಗಿತ್ತು. ಅದರಿಂದ ಎಷ್ಟು ನಷ್ಟವಾಯಿತೆಂದು ಆಗ ಯಾರಿಗೂ ತಿಳಿಯುವಂತಿರಲಿಲ್ಲ. ಈಗ ತಿಳಿದಿದೆ. ಕೃಷ್ಣೆ ತುಂಗಭದ್ರೆಗಳ ಬಯಲಿನಲ್ಲಿ ಇನ್ನು ಮುಂದೆ ಗುದ್ದಲಿ ಹಾಕುವವರು, ಬುರುಡೆಯೊಂದು ಮಣ್ಣಿನಿಂದ ತಲೆದೋರಿದ ಕೂಡಲೇ ಕೈಗವಸು ತೊಟ್ಟು, ಒಳಗಿವಿಯ ಎಲುಬನ್ನು ತೊಳೆಯದೆ, ಬಿಸಿಲು ತಾಗಿಸದೆ, ಸುತ್ತಣ ಮಣ್ಣಿನ ಒಂದು ಹಿಡಿಯೊಡನೆ ಬೇರೆಯಾಗಿ ತೆಗೆದು ಶೀತದಲ್ಲಿರಿಸುವುದನ್ನು ಉತ್ಖನನದ ಪ್ರಥಮ ನಿಯಮವನ್ನಾಗಿ ಸ್ವೀಕರಿಸಬೇಕು. ಅರವತ್ತೊಂದರಲ್ಲಿ ಒಂದು ಮಾದರಿ ಫಲಿಸಿ ಹರಪ್ಪಾದ ಚಿತ್ರವೇ ಬದಲಾಯಿತಷ್ಟೆ. ಹಳ್ಳೂರಿನ ಕಾಲದ ಒಂದೇ ಒಂದು ಫಲಿಸಿದರೂ ದಕ್ಷಿಣದ ಚರಿತ್ರೆಯನ್ನು ಬರೆಯುವವರು ಮೊದಲ ಪುಟದಿಂದ ಆರಂಭಿಸಬೇಕಾದೀತು.